ಆ ಹಳೆ ಬೈಂಡಿಂಗ್ ಬಿಚ್ಚಿಸಬೇಡಿ

ಗೋಣಿಕೊಪ್ಪಲಿನ ಓದುಗರೊಬ್ಬರು ಬರೆದಿದ್ದಾರೆ: ಅವರ ಊರಿನ ಗ್ರಂಥಾಲಯದಲ್ಲಿ 1857ರ ‘ರಾಜೇಂದ್ರನಾಮೆ’ಯ ಒಂದು ಪ್ರತಿ ಇದೆ. ಚರ್ಮದ ಬೈಂಡಿಂಗ್, ಬೆನ್ನಿನ ಮೇಲೆ ಚಿನ್ನದ ಗೆರೆ. ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತದೆ. ಅದನ್ನು ಬಿಚ್ಚಿ, ಅಂಚು ಕತ್ತರಿಸಿ, ರೆಕ್ಸಿನ್ ಹಾಕಿಸೋಣ ಎಂದು ಸಮಿತಿಯವರು ಹೇಳುತ್ತಿದ್ದಾರಂತೆ. ಒಪ್ಪಬಹುದೇ?

ದಯವಿಟ್ಟು ಒಪ್ಪಬೇಡಿ.

ನಿಮ್ಮ ಕೈಯಲ್ಲಿರುವುದು ಸಣ್ಣ ಪುಸ್ತಕವಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರ ಚರಿತ್ರೆ ಅದು, ಅದೇ ಮನೆತನದ ದೊರೆ ದೊಡ್ಡ ವೀರರಾಜೇಂದ್ರರು 1808ರಲ್ಲಿ ಬರೆಸಿದ್ದು. ಕೊಡಗಿಗೆ 1853ರಲ್ಲಿ ಬಂದ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಅದನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅರಸೊತ್ತಿಗೆ ಮುಗಿದು ಆಗಿನ್ನೂ 23 ವರ್ಷ. ಕೊನೆಯ ಅರಸ ಚಿಕ್ಕವೀರರಾಜನನ್ನು ಕಣ್ಣಾರೆ ಕಂಡವರು ಇನ್ನೂ ಇದ್ದ ಕಾಲ ಅದು!

ಆ ಕಾಲದಲ್ಲಿ ಎಷ್ಟೋ ಪುಸ್ತಕಗಳನ್ನು ಕೊಂಡವರೇ ತಮಗೆ ಬೇಕಾದ ಹಾಗೆ ಚರ್ಮದಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ಹಾಗಾಗಿ ಅಚ್ಚು ಒಂದೇ ಆದರೂ ಪ್ರತಿಯೊಂದರ ಹೊದಿಕೆ ಬೇರೆ. ಯಾರು ಕೊಂಡರು, ಯಾವ ಮನೆಯಲ್ಲಿತ್ತು ಎಂಬ ಗುರುತು ರಟ್ಟಿನ ಒಳಬದಿಯ ಕಾಗದದಲ್ಲೇ ಇರುತ್ತದೆ. ಬಿಚ್ಚಿದರೆ ಮೊದಲು ಹೋಗುವುದು ಅದೇ. ಅಂಚು ಕತ್ತರಿಸಿದರೆ ಯಾರೋ ಪಕ್ಕದಲ್ಲಿ ಬರೆದ ಟಿಪ್ಪಣಿಯೂ ಹೋಯಿತು.

ಇನ್ನು ಆ ಕೆಂಪು ಪುಡಿ. ತಂಗಡಿಯಂಥ ಮರಗಿಡಗಳ ತೊಗಟೆಯಲ್ಲಿ ಹದ ಮಾಡಿದ ಚರ್ಮ ಗಾಳಿಯಲ್ಲಿರುವ ಹೊಗೆ, ಗಂಧಕದ ಅಂಶ ಹೀರಿಕೊಂಡು ನಿಧಾನವಾಗಿ ಆಮ್ಲೀಯವಾಗುತ್ತದೆ. ನಾರು ಸತ್ತು ಪುಡಿಯಾಗುತ್ತದೆ. ಇದು ವಾಪಸ್ ಸರಿಹೋಗುವಂಥದ್ದಲ್ಲ. ಎಣ್ಣೆ, ಪಾಲಿಶ್ ಏನೂ ಹಚ್ಚಬೇಡಿ. ಎಣ್ಣೆ ಕಾಗದಕ್ಕೆ ಇಳಿದು ಕಲೆ ಮಾಡುತ್ತದೆ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಹೊರಗೆ ಹೀಗೆ ಕಂಡರೂ ಒಳಗಿನ ಹಾಳೆ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ. ಆಗಿನ ಕಾಗದದಲ್ಲಿ ಸಾಮಾನ್ಯವಾಗಿ ಇದ್ದದ್ದು ಹಳೆ ಬಟ್ಟೆಯ ನಾರು. ಮರದ ತಿರುಳಿನ ಕಾಗದ ಹಬ್ಬಿದ್ದು ಆಮೇಲೆ.

ಪುಸ್ತಕದ ಅಳತೆಗೆ ಸರಿಯಾಗಿ ಆಮ್ಲವಿಲ್ಲದ ರಟ್ಟಿನ ಡಬ್ಬಿ ಮಾಡಿಸಿ. ರೆಕ್ಸಿನ್ ಬೈಂಡಿಂಗಿನ ದುಡ್ಡು ಅದಕ್ಕೆ ಹಾಕಿ. ರಟ್ಟು ಸಡಿಲವಾಗಿದ್ದರೆ ಅಗಲದ ಹತ್ತಿಪಟ್ಟಿಯಿಂದ ಮೆಲ್ಲಗೆ ಕಟ್ಟಿ, ರಬ್ಬರ್‌ಬ್ಯಾಂಡ್ ಬೇಡ. ನಿಲ್ಲಿಸದೆ ಮಲಗಿಸಿಡಿ. ನಮ್ಮ ಕೊಡಗಿನ ಮಳೆ ನಿಮಗೆ ಹೇಳಬೇಕಿಲ್ಲ ಅಲ್ವಾ? ಗಾಳಿಯ ತೇವ ಶೇಕಡಾ 65 ದಾಟಿ ಹಾಗೇ ನಿಂತರೆ ಬೂಷ್ಟು ಬರುತ್ತದೆ. ಬೀರುವನ್ನು ಹೊರಗೋಡೆಯಿಂದ ದೂರ ಎಳೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಬೂಷ್ಟು ಕಂಡರೆ ಬಿಸಿಲಿಗೆ ಹಾಕದೆ, ಗಾಳಿಯಾಡುವ ನೆರಳಲ್ಲಿ ಒಣಗಿಸಿ, ಮೆತ್ತನೆ ಬ್ರಶ್ಶಿನಿಂದ ಹೊರಮುಖವಾಗಿ ಒರೆಸಿ. ಮೂಗಿಗೆ ಮಾಸ್ಕ್ ಇರಲಿ.

ಓದಲು ಕೇಳುವವರಿಗೆ ಫೋಟೋ ಪ್ರತಿ ಕೊಡಿ. ಮಳೆ ನಿಂತ ಮೇಲೆ, ಕಿಟಕಿಯ ಬೆಳಕಲ್ಲಿ, ಫ್ಲಾಶ್ ಇಲ್ಲದೆ ಒಂದೊಂದೇ ಪುಟ ತೆಗೆಯಿರಿ. ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ, ಎರಡೂ ಬದಿಗೆ ದಿಂಬು ಕೊಡಿ. ರಟ್ಟಿನ ಒಳಬದಿಯಲ್ಲಿ ಹೆಸರು, ಮೊಹರು ಏನಾದರೂ ಇದ್ದರೆ ಅದರ ಚಿತ್ರ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಈ ಉತ್ತರವನ್ನು ಸಮಿತಿಯ ಸಭೆಯಲ್ಲಿ ಓದಿ ಹೇಳಿ. ಅದಾಗುವ ತನಕ ಪುಸ್ತಕ ಬೈಂಡರ್ ಕೈಗೆ ಹೋಗದಂತೆ ನೋಡಿಕೊಳ್ಳಿ.

— ಸಂಪಾದಕ