ಓದುಗರ ಪ್ರಶ್ನೆಗೆ ಉತ್ತರ: ಡಿಸೆಂಬರ್‌ ಚಳಿಯಲ್ಲಿ ಯುರೋಪ್‌, ಜೊತೆಗೆ ನಾಲ್ವರು ಗೆಳೆಯರು

ಪ್ರಶ್ನೆ: ನಾವು ಐದು ಜನ ಗೆಳೆಯರು. ಡಿಸೆಂಬರ್‌ 17ಕ್ಕೆ ಹೊರಟು 12 ರಾತ್ರಿಗಳಲ್ಲಿ ಮ್ಯೂನಿಕ್, ಸಾಲ್ಜ್‌ಬರ್ಗ್, ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್ ನೋಡಬೇಕೆಂದಿದ್ದೇವೆ. ಸಾಧ್ಯವೇ? (ಹುಬ್ಬಳ್ಳಿಯ ಓದುಗರು)

ಬೇಡ. ಏಳರಲ್ಲಿ ಮೂರನ್ನು ಬಿಡಿ. ದೂರಕ್ಕಿಂತ ಹೆಚ್ಚಾಗಿ ನಿಮ್ಮನ್ನು ಕಾಡುವುದು ಬೆಳಕು. ಡಿಸೆಂಬರ್‌ ಕೊನೆಗೆ ಈ ಪೈಕಿ ಹೆಚ್ಚಿನ ಊರುಗಳಲ್ಲಿ ಸೂರ್ಯ ಮೂಡುವುದು ಬೆಳಿಗ್ಗೆ 8ರ ಸುಮಾರಿಗೆ, ಮುಳುಗುವುದು ಸಂಜೆ 4ರ ಹೊತ್ತಿಗೆ. ಊರು ಬದಲಿಸುವ ದಿನ ರೂಮು ಖಾಲಿ ಮಾಡಿ, ರೈಲು ಹಿಡಿದು, ಹೊಸ ರೂಮಿಗೆ ಸಾಮಾನು ಹಾಕುವಷ್ಟರಲ್ಲಿ ಕತ್ತಲಾಗಿರುತ್ತದೆ. ಏಳು ಊರೆಂದರೆ ಆರು ಹಗಲು ಹೀಗೇ ಕರಗಿದಂತೆ.

ನಾವು ಹೇಳುವ ದಾರಿ ಇದು: ಮ್ಯೂನಿಕ್ 3 ರಾತ್ರಿ, ಸಾಲ್ಜ್‌ಬರ್ಗ್ 2, ವಿಯೆನ್ನಾ 4, ಪ್ರಾಗ್ 3. ಈ ಕ್ರಮಕ್ಕೆ ಕಾರಣವಿದೆ. ಮ್ಯೂನಿಕ್‌ನ ಮರೀನ್‌ಪ್ಲಾಟ್ಸ್‌ ಕ್ರಿಸ್‌ಮಸ್‌ ಸಂತೆ 24ಕ್ಕೆ ಮುಗಿಯುತ್ತದೆ, ವಿಯೆನ್ನಾದ ಪುರಭವನದ ಮುಂದಿನದು 26ಕ್ಕೆ. ಪ್ರಾಗ್‌ನ ಹಳೇ ಊರ ಚೌಕದ್ದು ಜನವರಿ 6ರವರೆಗೂ ಇರುತ್ತದೆ. ಇದೇ ದಾರಿಯನ್ನು ಪ್ರಾಗ್‌ನಿಂದ ತಿರುಗಿಸಿ ಹೋದವರಿಗೆ ಮ್ಯೂನಿಕ್‌ನಲ್ಲಿ ಸಿಗುವುದು ಬಿಚ್ಚುತ್ತಿರುವ ಅಂಗಡಿಗಳು. ವಿಮಾನದ ಟಿಕೆಟ್ಟನ್ನು ಹೋಗಿಬರುವ ಟಿಕೆಟ್‌ ಎಂದು ಹುಡುಕದೆ ‘ಮಲ್ಟಿ ಸಿಟಿ’ ಎಂದು ಹುಡುಕಿ: ಬೆಂಗಳೂರಿನಿಂದ ಮ್ಯೂನಿಕ್‌ಗೆ, ಪ್ರಾಗ್‌ನಿಂದ ಬೆಂಗಳೂರಿಗೆ. ವಿಮಾನಕ್ಕಾಗಿ ಮತ್ತೆ ಮ್ಯೂನಿಕ್‌ಗೆ ವಾಪಸಾದರೆ ಒಂದು ಹಗಲು ಪೂರ್ತಿ ರೈಲಿನಲ್ಲೇ.

ವಿಯೆನ್ನಾದಲ್ಲಿ ಕ್ರಿಸ್‌ಮಸ್‌ ಬರುವುದರಿಂದ ಒಂದು ಎಚ್ಚರಿಕೆ. 24ರ ಮಧ್ಯಾಹ್ನದಿಂದ ಅಂಗಡಿಗಳು ಮುಚ್ಚುತ್ತವೆ, 25 ಮತ್ತು 26 ಎರಡೂ ರಜೆ. ಅದರ ಹಿಂದೆಯೋ ಮುಂದೆಯೋ ಭಾನುವಾರ ಸೇರಿದರೆ ಇನ್ನೊಂದು ದಿನ, ಏಕೆಂದರೆ ಆಸ್ಟ್ರಿಯಾ, ಜರ್ಮನಿಗಳಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ಹಾಲು, ಬ್ರೆಡ್ಡು, ಹಣ್ಣು, ಜ್ವರದ ಮಾತ್ರೆ ಎಲ್ಲ 23ರಂದೇ ತಂದಿಡಿ. 24ರ ರಾತ್ರಿಯೂಟಕ್ಕೆ ಐದು ಜನರ ಮೇಜನ್ನು ಮೊದಲೇ ಕಾದಿರಿಸಿ. ಶೋನ್‌ಬ್ರುನ್ ಅರಮನೆ ವರ್ಷದ ಎಲ್ಲ ದಿನವೂ ತೆರೆದಿರುವುದರಿಂದ ಅದನ್ನು 25ಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಇಳಿಯುವುದು ಜರ್ಮನಿಯಲ್ಲಿ ಎಂದಾದರೆ ವೀಸಾ ಅಲ್ಲಿಯದೇ ತಾನೇ? ಐದೂ ಜನಕ್ಕೆ ಒಂದೇ ಅರ್ಜಿ ಸಾಕೆ? (ಮೈಸೂರಿನ ಓದುಗರು)

ಎಷ್ಟೋ ಜನ ಎಡವುವುದು ಇಲ್ಲೇ. ಷೆಂಗೆನ್‌ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಒಂದೇ ವೀಸಾ) ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ಮೇಲಿನ ದಾರಿಯಲ್ಲಿ ಸಾಲ್ಜ್‌ಬರ್ಗ್, ವಿಯೆನ್ನಾ ಸೇರಿ ಆಸ್ಟ್ರಿಯಾದಲ್ಲಿ 6 ರಾತ್ರಿ, ಜರ್ಮನಿಯಲ್ಲಿ 3, ಪ್ರಾಗ್‌ ಇರುವ ಚೆಕ್‌ ದೇಶದಲ್ಲಿ 3. ಹಾಗಾಗಿ ಮ್ಯೂನಿಕ್‌ನಲ್ಲಿ ಇಳಿದರೂ ಅರ್ಜಿ ಆಸ್ಟ್ರಿಯಾಗೆ.

ಅರ್ಜಿ ಒಬ್ಬೊಬ್ಬರದೂ ಬೇರೆ ಬೇರೆ. ಬ್ಯಾಂಕ್ ಸ್ಟೇಟ್‌ಮೆಂಟ್‌, ಆದಾಯ ತೆರಿಗೆ ರಿಟರ್ನ್‌, ಕೆಲಸದ ಕಡೆಯಿಂದ ರಜೆಯ ಪತ್ರ ಅವರವರದೇ ಬೇಕು. ಗೆಳೆಯರ ಗುಂಪಿನಲ್ಲಿ ಒಬ್ಬರೇ ಎಲ್ಲ ಕೋಣೆಗಳನ್ನೂ ತಮ್ಮ ಹೆಸರಿನಲ್ಲಿ ಕಾದಿರಿಸಿರುತ್ತಾರೆ. ಆಗ ಉಳಿದ ನಾಲ್ವರ ಕಡತದಲ್ಲಿ ವಾಸ್ತವ್ಯದ ದಾಖಲೆಯೇ ಇರುವುದಿಲ್ಲ. ಬುಕಿಂಗ್‌ ಪತ್ರದಲ್ಲಿ ಐದೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಸಿ. ನಮ್ಮ ಕಡೆ ಇನಿಷಿಯಲ್‌ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆಯುವ ರೂಢಿ. ಅದನ್ನು ಇಲ್ಲಿ ಮಾಡಬೇಡಿ.

ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲೇ ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45. ಡಿಸೆಂಬರ್‌ ಪ್ರಯಾಣವಾದರೆ ಸೆಪ್ಟೆಂಬರ್‌ನಲ್ಲಿ ಕೈಹಾಕಿ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯುರೋ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯುರೋ ವೈದ್ಯಕೀಯ ವೆಚ್ಚಕ್ಕೆ ಇರಬೇಕು. ಪಾಸ್‌ಪೋರ್ಟಿಗೆ ವಾಪಸಾಗುವ ದಿನದಿಂದ ಇನ್ನೂ 3 ತಿಂಗಳ ಅವಧಿ, ಒಳಗೆ ಎರಡು ಖಾಲಿ ಪುಟ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಕೋಣೆಗಳನ್ನಷ್ಟೇ ತೆಗೆದುಕೊಳ್ಳಿ. ಐವರಲ್ಲಿ ಒಬ್ಬರಿಗೆ ತಡವಾದರೂ ದುಡ್ಡು ಮುಳುಗಬಾರದು.

ಪ್ರಶ್ನೆ: ರೈಲು ಪಾಸ್‌ ಕೊಳ್ಳುವುದೋ, ಬಿಡಿ ಟಿಕೆಟ್ಟೋ? (ದಾವಣಗೆರೆಯ ಓದುಗರು)

ಮೂರೇ ಪಯಣಗಳಿಗೆ ಪಾಸ್‌ ಬೇಡ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ‘ಬಾಯರ್ನ್ ಟಿಕೆಟ್‌’ (ಮ್ಯೂನಿಕ್‌ ಇರುವ ಬವೇರಿಯಾ ರಾಜ್ಯದ ಒಂದು ದಿನದ ಟಿಕೆಟ್‌) ಒಂದೇ ಸಾಕು. ಒಂದು ಟಿಕೆಟ್ಟಿನಲ್ಲಿ ಐದು ಜನರವರೆಗೆ ಹೋಗಬಹುದು, ಗಡಿ ದಾಟಿ ಸಾಲ್ಜ್‌ಬರ್ಗ್‌ ನಿಲ್ದಾಣದವರೆಗೂ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವಷ್ಟೇ ಹತ್ತಬೇಕು, ಪ್ರಾದೇಶಿಕ ರೈಲನ್ನೇ ಹತ್ತಬೇಕು, ಪ್ರಯಾಣಿಕರ ಹೆಸರನ್ನು ಟಿಕೆಟ್ಟಿನ ಮೇಲೆ ಬರೆದಿರಬೇಕು. ಅದೇ ಹಳಿಯ ಮೇಲೆ ವೇಗದ ರೈಲುಗಳೂ ಓಡುತ್ತವೆ. ಅವುಗಳಲ್ಲಿ ಈ ಟಿಕೆಟ್ಟಿಗೆ ಬೆಲೆಯಿಲ್ಲ, ದಂಡ ಬೀಳುತ್ತದೆ.

ಸಾಲ್ಜ್‌ಬರ್ಗ್‌–ವಿಯೆನ್ನಾ ಎರಡೂವರೆ ಗಂಟೆ, ವಿಯೆನ್ನಾ–ಪ್ರಾಗ್‌ ಸುಮಾರು ನಾಲ್ಕು. ಆಸ್ಟ್ರಿಯಾ ರೈಲ್ವೆಯ ‘ಶ್ಪಾರ್‌ಶೀನೆ’ ಎಂಬ ಅಗ್ಗದ ಟಿಕೆಟ್‌ ಬೇಗ ಕೊಂಡಷ್ಟೂ ಕಡಿಮೆ. ಆದರೆ ಅದು ಗೊತ್ತುಪಡಿಸಿದ ರೈಲಿಗೆ ಮಾತ್ರ, ತಪ್ಪಿದರೆ ಹೋಯಿತು. ಇನ್ನೊಂದು ಮಾತು: ಯುರೋಪಿನ ರೈಲು ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್‌ನ ಎರಡನೇ ಶನಿವಾರ ಮಧ್ಯರಾತ್ರಿಗೆ ಬದಲಾಗುತ್ತದೆ. ಅದರ ನಂತರದ ದಿನಗಳ ಟಿಕೆಟ್‌ ಮಾರಾಟ ತಡವಾಗಿ ಶುರುವಾಗುವುದುಂಟು. ಬೇಸಿಗೆಯಲ್ಲಿ ಹುಡುಕಿ ‘ರೈಲೇ ಇಲ್ಲ’ ಎಂದು ಗಾಬರಿಯಾಗಬೇಡಿ. ಕ್ರಿಸ್‌ಮಸ್‌ ಮುಂಚಿನ ದಿನಗಳಲ್ಲಿ ಟಿಕೆಟ್‌ ಇದ್ದರೂ ಕೂರಲು ಜಾಗ ಸಿಗುವುದಿಲ್ಲ. ಆಸನ ಕಾದಿರಿಸುವ ಕೆಲವು ಯುರೋ ಉಳಿಸಲು ಹೋಗಬೇಡಿ.

ಪ್ರಶ್ನೆ: ಚಳಿಗೆ ಎಂಥ ಬಟ್ಟೆ? (ಮಂಗಳೂರಿನ ಓದುಗರು)

ಒಂದೇ ದಪ್ಪ ಸ್ವೆಟರ್‌ ಕೆಲಸಕ್ಕೆ ಬಾರದು. ಹೊರಗೆ ಸೊನ್ನೆಯ ಆಸುಪಾಸು, ಒಳಗೆ ಹೀಟರ್‌ ಹಾಕಿದ 20–22 ಡಿಗ್ರಿ. ದಿನಕ್ಕೆ ಹತ್ತು ಸಲ ಬಿಚ್ಚಿ ತೊಡಬೇಕು. ಮೈಗಂಟುವ ಥರ್ಮಲ್‌ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಹತ್ತಿಯದು ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಹೊರಗೆ ಬಂದಕೂಡಲೇ ಬೆನ್ನು ತಣ್ಣಗಾಗುತ್ತದೆ. ಅದರ ಮೇಲೆ ಫ್ಲೀಸ್‌, ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ತಡೆಯುವ ಜಾಕೆಟ್‌.

ಹೆಚ್ಚು ಖರ್ಚನ್ನು ಶೂಗೆ ಮಾಡಿ. ಉಣ್ಣೆಯ ಸಾಕ್ಸ್‌ ತೊಟ್ಟುಕೊಂಡೇ ಅಂಗಡಿಗೆ ಹೋಗಿ, ಅರ್ಧ ಸೈಜ್‌ ದೊಡ್ಡದು ತೆಗೆದುಕೊಳ್ಳಿ. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಶೂವಿನ ಅಡಿಭಾಗ ಆಳವಾದ ಗೀರುಗಳ ಮೆತ್ತನೆ ರಬ್ಬರಿನದಾಗಿರಲಿ. ಹಗಲು ಕರಗಿದ ಹಿಮ ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿ, ನೋಡಲು ಬರೀ ಒದ್ದೆ ಕಲ್ಲಿನಂತೆ ಕಾಣುತ್ತದೆ. ಅದರ ಮೇಲೆ ಪಾದವನ್ನು ಪೂರ್ತಿ ಊರಿ ಗಿಡ್ಡ ಹೆಜ್ಜೆ ಇಡಿ, ಕೈಗಳು ಜೇಬಿನಿಂದ ಹೊರಗಿರಲಿ. ಪ್ರಾಗ್‌ನ ಕಲ್ಲುಹಾಸಿನ ಬೀದಿಗಳಲ್ಲಿ ನಾಲ್ಕು ಸಣ್ಣ ಗಾಲಿಗಳ ಸೂಟ್‌ಕೇಸಿನ ಗಾಲಿ ಮುರಿಯುತ್ತದೆ; ಎರಡು ದೊಡ್ಡ ಗಾಲಿಗಳದು ತಾಳುತ್ತದೆ. ಕೊಬ್ಬರಿ ಎಣ್ಣೆ ಒಯ್ಯುವವರು ಅಗಲ ಬಾಯಿಯ ಡಬ್ಬಿಗೆ ಹಾಕಿಕೊಳ್ಳಿ, ಸೀಸೆಯಲ್ಲಿದ್ದರೆ ಗಟ್ಟಿಯಾಗಿ ಹೊರಗೇ ಬಾರದು.

ಪ್ರಶ್ನೆ: ನಮ್ಮಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು. ಮನೆಯಿಂದ ಏನು ಒಯ್ಯಬಹುದು? (ಶಿರಸಿಯ ಓದುಗರು)

ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ ಒಯ್ಯಿರಿ. ತುಪ್ಪ, ಧಾರವಾಡ ಪೇಡೆ ಬೇಡ: ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್‌ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ, ಒಣಗಿಸಿ ಪುಡಿ ಮಾಡಿಕೊಳ್ಳಿ. ಅಲ್ಲಿನ ತರಕಾರಿ ಸೂಪಿನ ನೀರು ಹಲವೆಡೆ ಮೂಳೆ ಬೇಯಿಸಿದ್ದು, ಅದಕ್ಕೇ ‘ಓನೆ ಫ್ಲೈಶ್‌’ (ಜರ್ಮನ್ ಭಾಷೆಯಲ್ಲಿ ‘ಮಾಂಸವಿಲ್ಲದೆ’) ಎಂದಷ್ಟೇ ಹೇಳಿದರೆ ಸಾಲದು, ಸಾರು ಯಾವುದರದು ಎಂದೂ ಕೇಳಿ. ಪ್ರಾಗ್‌ನಲ್ಲಿ ‘ಬೆಜ್‌ ಮಾಸಾ’ ಎನ್ನಿ. ಸಂತೆಗಳಲ್ಲಿ ಹುರಿದ ಚೆಸ್ಟ್‌ನಟ್‌, ಸುಟ್ಟ ಆಲೂಗಡ್ಡೆ ಸಿಗುತ್ತವೆ. ಬಿಸಿ ವೈನ್‌ ಬೇಡದವರು ‘ಕಿಂಡರ್‌ಪುನ್ಶ್‌’ ಕೇಳಿ, ಅದರಲ್ಲಿ ಮದ್ಯವಿಲ್ಲ. ಕಪ್ಪಿಗೆಂದು ಮೊದಲೇ ಇಸಿದುಕೊಂಡ ಠೇವಣಿಯನ್ನು ಕಪ್‌ ಹಿಂದಿರುಗಿಸಿ ಮರಳಿ ಪಡೆಯಿರಿ.

ಪ್ರಶ್ನೆ: ಪ್ಲಗ್‌, ದುಡ್ಡು? (ತುಮಕೂರಿನ ಓದುಗರು)

ಎರಡು ಸಣ್ಣ ದುಂಡು ಪಿನ್ನಿನ ಮೊಬೈಲ್‌ ಚಾರ್ಜರ್‌ ಅಲ್ಲಿ ಹಾಗೇ ಕೂರುತ್ತದೆ, ಮೂರು ಪಿನ್ನಿನ ಲ್ಯಾಪ್‌ಟಾಪ್‌ ಪ್ಲಗ್ಗಿಗೆ ಅಡಾಪ್ಟರ್‌ ಬೇಕು. ವೋಲ್ಟೇಜ್‌ ನಮ್ಮಲ್ಲಿಯಂತೆಯೇ 230. ಪ್ರಾಗ್‌ನಲ್ಲಿ ಯುರೋ ಅಲ್ಲ, ಕೊರುನಾ. ಕಾರ್ಡ್‌ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ತೋರಿಸಿದರೆ ಒಪ್ಪಬೇಡಿ, ಆ ದರದಲ್ಲಿ ನಿಮಗೆ ನಷ್ಟ, ಕೊರುನಾವನ್ನೇ ಒತ್ತಿ.