ಮಾತ್ರೆ ಕೊಟ್ಟರೆ ಕೈಬಿಟ್ಟರು ಎಂದಲ್ಲ

ಪ್ರಶ್ನೆ: ನನಗೆ 54 ವರ್ಷ, ಹೈಸ್ಕೂಲ್ ಶಿಕ್ಷಕಿ. ಮುಟ್ಟು ನಿಂತಿದೆ. ಆರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲ ಆಗಿತ್ತು. ಈಗ ಬೆನ್ನುನೋವೆಂದು ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಗೆ ಹರಡಿದೆಯಂತೆ. ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್. ಈ ಸಲ ಕೀಮೋ ಇಲ್ಲ. ಲೆಟ್ರೊಜೋಲ್, ಪಾಲ್ಬೊಸೈಕ್ಲಿಬ್ ಮಾತ್ರೆ, ಜೊತೆಗೆ ಮೂಳೆಗೆ ಜೊಲೆಡ್ರಾನಿಕ್ ಆ್ಯಸಿಡ್ ಇಂಜೆಕ್ಷನ್ ಬರೆದಿದ್ದಾರೆ. ‘ಬರೀ ಮಾತ್ರೆ ಕೊಟ್ಟು ಕಳಿಸಿದ್ದಾರೆ ಅಂದ್ರೆ ಇನ್ನೇನೂ ಉಳಿದಿಲ್ಲ’ ಎಂದು ಅತ್ತಿಗೆ ಅಂದದ್ದು ಕಿವಿಗೆ ಬಿತ್ತು. ಯಜಮಾನರು ನನ್ನನ್ನು ಹೊರಗೆ ಕೂರಿಸಿ ತಾವೊಬ್ಬರೇ ಡಾಕ್ಟರ ಹತ್ತಿರ ಮಾತಾಡುತ್ತಾರೆ. ಮಗಳು ಪಿಯುಸಿಯಲ್ಲಿದ್ದಾಳೆ, ಅವಳಿಗೆ ಹೇಳಿಲ್ಲ. ನನಗೆ ಎಷ್ಟು ಕಾಲ ಇದೆ ಡಾಕ್ಟ್ರೇ?

ಉತ್ತರ: ನಿಮ್ಮ ಅತ್ತಿಗೆ ಹೇಳಿದ್ದು ತಪ್ಪು. ನಿಮ್ಮದರಂತೆ ಹಾರ್ಮೋನಿನ ಬಲದಿಂದ ಬೆಳೆಯುವ, ಹರ್-2 ಎಂಬ ಪ್ರೋಟೀನ್ ಹೆಚ್ಚಿಲ್ಲದ ಕ್ಯಾನ್ಸರ್ ಮೂಳೆಗೆ ಹರಡಿದಾಗ, ಅಂಗಾಂಗಗಳಿಗೆ ತುರ್ತು ಅಪಾಯ ಇಲ್ಲದಿದ್ದರೆ, ಇವತ್ತು ಮೊದಲು ಕೊಡುವುದೇ ಇಂಥ ಜೋಡಿ ಮಾತ್ರೆ. ಲೆಟ್ರೊಜೋಲ್ ದೇಹದಲ್ಲಿ ಈಸ್ಟ್ರೊಜೆನ್ ಎಂಬ ಆ ಹಾರ್ಮೋನು ತಯಾರಾಗದಂತೆ ತಡೆಯುತ್ತದೆ. ಪಾಲ್ಬೊಸೈಕ್ಲಿಬ್ ಕ್ಯಾನ್ಸರ್ ಕೋಶ ಒಡೆದು ಎರಡಾಗುವುದಕ್ಕೆ ಅಡ್ಡ ನಿಲ್ಲುತ್ತದೆ. 2023ರಲ್ಲಿ ಇದರ ಪೇಟೆಂಟ್ ಮುಗಿದು ನಮ್ಮ ದೇಶದ ಕಂಪನಿಗಳೇ ತಯಾರಿಸತೊಡಗಿದ ಮೇಲೆ ಬೆಲೆಯೂ ಬಹಳ ಇಳಿದಿದೆ.

ಎಷ್ಟು ಕಾಲ? ಹರಡಿದ ಕಾಯಿಲೆಯನ್ನು ಬೇರುಸಹಿತ ತೆಗೆಯುವುದು ಬಹುತೇಕ ಆಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇದೇ ಜೋಡಿ ಮಾತ್ರೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದಲ್ಲಿ ಅರ್ಧದಷ್ಟು ಮಹಿಳೆಯರಿಗೆ ಕಾಯಿಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಅರ್ಧದಷ್ಟು ಜನ ಸುಮಾರು ನಾಲ್ಕೂವರೆ ವರ್ಷ ದಾಟಿ ಬದುಕಿದ್ದರು. ಲಿವರ್‌ಗೆ ಹರಡಿದವರಿಗಿಂತ ಬರೀ ಮೂಳೆಗೆ ಹರಡಿದವರು ಸಾಮಾನ್ಯವಾಗಿ ಹೆಚ್ಚು ಕಾಲ ಚೆನ್ನಾಗಿರುತ್ತಾರೆ. ನಿಮ್ಮೊಬ್ಬರ ವಿಷಯದಲ್ಲಿ ತಾರೀಖು ಹೇಳುವ ಡಾಕ್ಟರನ್ನು ನಾನಂತೂ ನಂಬುವುದಿಲ್ಲ. ಈ ಮಾತ್ರೆ ಕೆಲಸ ನಿಲ್ಲಿಸಿದರೆ ಬೇರೆ ಹಾರ್ಮೋನ್ ಔಷಧಗಳಿವೆ, ಕೀಮೋ ಆಮೇಲೆ.

ಪಾಲ್ಬೊಸೈಕ್ಲಿಬ್ 21 ದಿನ ನುಂಗಿ 7 ದಿನ ಬಿಡಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಬಿಡುವಿನ ವಾರ ಮರೆತು ನುಂಗಿಬಿಡಬೇಡಿ. ಇದು ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಇಳಿಸುತ್ತದೆ, ಅದಕ್ಕೇ ಪದೇಪದೇ ರಕ್ತಪರೀಕ್ಷೆ. 100.4 ಡಿಗ್ರಿ ಜ್ವರ ಬಂದರೆ ಡೋಲೊ ನುಂಗಿ ಮಲಗಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮೂಳೆಯ ಇಂಜೆಕ್ಷನ್‌ಗೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸುವುದು ಒಳ್ಳೆಯದು, ಆಮೇಲೆ ಕಿತ್ತರೆ ದವಡೆ ಮೂಳೆಗೆ ತೊಂದರೆಯಾಗಬಹುದು. ಕಾಲಿನ ಬಲ ಕುಂದಿತು, ಜೋಮು ಹಿಡಿಯಿತು, ಮೂತ್ರ ಕಟ್ಟಿತು ಎಂದರೆ ಅವತ್ತೇ ಆಸ್ಪತ್ರೆಗೆ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು, ಒಂದು ದಿನ ತಡವಾದರೂ ನಡಿಗೆ ಹೋಗಬಹುದು.

ನೋವನ್ನು ಸಹಿಸಿಕೊಂಡು ಕೂರಬೇಡಿ. ಮೂಳೆ ನೋವಿಗೆ ಎಷ್ಟೋ ಸಲ ಒಂದೇ ಸಿಟ್ಟಿಂಗ್ ರೇಡಿಯೇಷನ್ ಸಾಕಾಗುತ್ತದೆ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಉಪಶಾಮಕ ಆರೈಕೆಗೆ, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆಗೆ, ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿಗೆ ಹೋಗುವುದೆಂದರೆ ಕೊನೆಗಾಲ ಎಂದುಕೊಂಡು ಜನ ತಡಮಾಡುತ್ತಾರೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಹೋಗಬೇಕಾದ ಜಾಗ ಅದು.

ಯಜಮಾನರು ಮಾಡುತ್ತಿರುವುದು ಹೆದರಿಕೆಯಿಂದ, ಸಿಟ್ಟಾಗಬೇಡಿ. ಆದರೆ ಮುಂದಿನ ಸಲ ಒಳಗೆ ಹೋಗಿ ಕುರ್ಚಿಯಲ್ಲಿ ನೀವೇ ಕೂತು ‘ಏನಿದ್ದರೂ ನನಗೆ ಹೇಳಿ’ ಎನ್ನಿ. ರಿಪೋರ್ಟ್ ನಿಮ್ಮದು, ನಿಮ್ಮ ಹಕ್ಕು. ಇನ್ನು ಮಗಳು: ಪಿಯುಸಿ ಹುಡುಗಿ ನಿಮ್ಮ ಮಾತ್ರೆಯ ಡಬ್ಬಿ ನೋಡಿ ಹೆಸರನ್ನು ಮೊಬೈಲಿನಲ್ಲಿ ಹುಡುಕಿರುತ್ತಾಳೆ. ಅರ್ಧಂಬರ್ಧ ಓದಿ ರಾತ್ರಿ ಒಬ್ಬಳೇ ಅಳುವುದಕ್ಕಿಂತ ನಿಮ್ಮ ಬಾಯಲ್ಲಿ ಕೇಳಲಿ.

ಬಂದವರೆಲ್ಲ ‘ಧೈರ್ಯವಾಗಿರಿ’ ಎನ್ನುತ್ತಾರೆ. ಅಳು ಬಂದ ದಿನ ಅತ್ತುಬಿಡಿ, ಅದರಿಂದ ಕಾಯಿಲೆ ಹೆಚ್ಚುವುದಿಲ್ಲ. ಐದು ವರ್ಷದ ಯೋಚನೆ ಪಕ್ಕಕ್ಕಿಟ್ಟು ಮುಂದಿನ ಸ್ಕ್ಯಾನ್‌ವರೆಗಿನ ಕೆಲಸ ಗೊತ್ತುಮಾಡಿಕೊಳ್ಳಿ. ನಿಮ್ಮ ಡಾಕ್ಟರು ಒಪ್ಪಿದರೆ ಶಾಲೆಗೂ ಹೋಗಬಹುದು. ನೋಟ್‌ಬುಕ್ಕಿನ ಹೊರೆ ಎತ್ತಬೇಡಿ, ಮಕ್ಕಳ ಕೈಲಿ ತರಿಸಿ. ಹೆಡ್‌ಮಾಸ್ಟರ ಹತ್ತಿರ ಕೆಳಗಿನ ಮಹಡಿಯ ಕ್ಲಾಸುಗಳನ್ನೇ ಕೇಳಿ ಹಾಕಿಸಿಕೊಳ್ಳಿ.