ಕಲಬುರಗಿ ಧೂಳು, ಬೋರ್ ನೀರು, ಕಪ್ಪು ಕಾರು: ಪೇಂಟ್ ಉಳಿಸಿಕೊಳ್ಳೋದು ಹೇಗೆ? ಸಿರಾಮಿಕ್ ಕೋಟಿಂಗ್ ಮಾಡಿಸಲೇಬೇಕಾ?

ನಿಮ್ಮ ಪ್ರಶ್ನೆಯಲ್ಲಿ ಇರೋದಿಷ್ಟು: ಎಂಟು ತಿಂಗಳ ಕಪ್ಪು ಗಾಡಿ, ಮನೆ ಕಲಬುರಗಿಯಲ್ಲಿ, ನೌಕರಿ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ. ಅಲ್ಲಿ ಗಾಡಿ ದಿನವಿಡೀ ಬಯಲಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಬೋರ್ ನೀರು, ದಿನಾ ಬೆಳಗ್ಗೆ ಒಬ್ಬ ಹುಡುಗ ಬಂದು ಗಾಡಿ ಒರೆಸಿ ಹೋಗುತ್ತಾನೆ. ಬಾನೆಟ್ ಮೇಲೆ ಬಿಳಿ ಕಲೆ, ಬಿಸಿಲಲ್ಲಿ ನೋಡಿದರೆ ಜೇಡರ ಬಲೆಯಂಥ ಸಣ್ಣ ಗೆರೆ. ಶೋರೂಮಿನವರು 22,000 ರೂಪಾಯಿ ಕೊಟ್ಟು ಸಿರಾಮಿಕ್ ಕೋಟಿಂಗ್ (ಪೇಂಟಿನ ಮೇಲೆ ಗಟ್ಟಿಯಾಗಿ ಕೂರುವ ತೆಳು ರಕ್ಷಣೆಯ ಪದರ) ಮಾಡಿಸಿಬಿಡಿ ಅಂದಿದ್ದಾರೆ.

ಕೋಟಿಂಗ್ ವಿಚಾರ ಆಮೇಲೆ. ಮೊದಲು ಬೆಳಗಿನ ಒರೆಸಾಟ ನಿಲ್ಲಿಸಿ.

ಕಾರು ಕಂಪನಿಯಿಂದಲೇ ಬರುವ ಪೇಂಟಿನ ಎಲ್ಲ ಪದರ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ಮೇಲಿನ ಬಣ್ಣವಿಲ್ಲದ ಪದರ, ಕ್ಲಿಯರ್ ಕೋಟ್, 35ರಿಂದ 50 ಮೈಕ್ರಾನ್ ಮಾತ್ರ. ಹೊಳಪು ಅದರದ್ದು, ಬಿಸಿಲಿನ ಯುವಿ ತಡೆಯುವ ಕೆಲಸವೂ ಅದರದ್ದೇ. ಒಣ ಅರಿವೆಯಿಂದ ಧೂಳು ಒರೆಸಿದಾಗ ಧೂಳಿನಲ್ಲಿರುವ ಮರಳಿನ ಕಣ ಅರಿವೆಗೂ ಪೇಂಟಿಗೂ ನಡುವೆ ಸಿಕ್ಕಿ ಉದ್ದಕ್ಕೂ ಗೀರುತ್ತಾ ಹೋಗುತ್ತದೆ. ಜೇಡರ ಬಲೆ ಅಂದಿರಲ್ಲ, ಅದು ಇದೇ. ಅದನ್ನು ತೆಗೆಯಲು ಕಾಂಪೌಂಡ್ (ಪೇಂಟ್ ಉಜ್ಜುವ ಪೇಸ್ಟ್) ಹಾಕಿ ಮಷಿನ್ ಪಾಲಿಶ್ ಮಾಡಿಸಿದರೆ ಪ್ರತಿ ಸಲ 2ರಿಂದ 5 ಮೈಕ್ರಾನ್ ಕ್ಲಿಯರ್ ಕೋಟ್ ಸವೆಯುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಹಾಗಾಗಿ ಪಾಲಿಶ್ ಅನ್ನೋದು ವರ್ಷಕ್ಕೆರಡು ಸಲ ಮಾಡಿಸುವ ಕೆಲಸವಲ್ಲ.

ಧೂಳು ಕೂತಿದ್ದರೆ ಕೂತಿರಲಿ, ಒಣಗಿರುವ ತನಕ ಅದರಿಂದ ಪೇಂಟಿಗೆ ದೊಡ್ಡ ಹಾನಿಯಿಲ್ಲ. ಹುಡುಗನಿಗೆ ಗಾಜು ಮಾತ್ರ ಒರೆಸು, ಬಾಡಿ ಮುಟ್ಟಬೇಡ ಅನ್ನಿ. ವಾರಕ್ಕೊಂದು ಸಲ ಸರಿಯಾಗಿ ತೊಳೆಯಲಿ, ಪಗಾರ ಮಾತ್ರ ಕಡಿಮೆ ಮಾಡಬೇಡಿ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆಗೆ ನೀವು ಏಳುವ ಮೊದಲೇ ಒರೆಸಿ ಹೋಗುವ ಹುಡುಗರೂ ಇದ್ದಾರೆ.

ಧೂಳು ಸುಮ್ಮನೆ ಕೂತಿರಲಿ ಅಂದೆ. ಸಿಮೆಂಟ್ ಧೂಳಿಗೆ ಈ ಮಾತು ನಡೆಯುವುದಿಲ್ಲ. ಮಳಖೇಡ, ಸೇಡಂ, ವಾಡಿ, ಶಹಾಬಾದ್ ಕಡೆ ಓಡಾಡುವವರಿಗೆಲ್ಲ ಇರುವ ಬೇರೆಯೇ ತೊಂದರೆ ಅದು. ಕಲ್ಲು ಗಣಿಯ ಸುಣ್ಣದಕಲ್ಲಿನ ಪುಡಿ ಬರೀ ಪುಡಿ, ನೀರು ಬಿಟ್ಟರೆ ಹೋಗುತ್ತದೆ. ಸಿಮೆಂಟ್ ಹಾಗಲ್ಲ, ನೀರು ಬಿದ್ದರೆ ಗಟ್ಟಿಯಾಗುವುದೇ ಅದರ ಗುಣ. ನವೆಂಬರಿನಿಂದ ಜನವರಿ ತನಕ ರಾತ್ರಿ ಇಬ್ಬನಿ ಬೀಳುತ್ತದೆ, ಆ ತೇವಕ್ಕೆ ಸಿಮೆಂಟ್ ಧೂಳು ತೀಕ್ಷ್ಣ ಕ್ಷಾರವಾಗಿ ಪೇಂಟಿಗೆ ಅಂಟುತ್ತದೆ. ಬೆಳಗ್ಗೆ ಬಿಸಿಲು ಬಿದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಾನೆಟ್ ಮೇಲೆ ಅಂಗೈ ಆಡಿಸಿದಾಗ ಮರಳು ಕಾಗದದ ಹಾಗೆ ತರಿತರಿ ಅನ್ನಿಸಿದರೆ ಅದು ಕೂತ ಸಿಮೆಂಟೇ. ಅದಕ್ಕೇ ಫ್ಯಾಕ್ಟರಿಯಿಂದ ಬಂದ ದಿನ ಸಂಜೆಯೇ, ಅರಿವೆ ಮುಟ್ಟಿಸದೆ, ಜೋರು ನೀರಿನಿಂದ ಮೇಲಿಂದ ಕೆಳಗೆ ಧೂಳು ಇಳಿಸಿಬಿಡಿ. ಅರೆಬರೆ ನೀರು ಚಿಮುಕಿಸಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಅದು ಸಿಮೆಂಟಿಗೆ ಕ್ಯೂರಿಂಗ್ ಮಾಡಿದಂತೆ.

ಇನ್ನು ನೀರು. ಬಿಳಿ ಕಲೆಗೆ ಅರ್ಧ ಕಾರಣ ನಿಮ್ಮ ಬೋರೇ ಇರಬೇಕು. ನೀರು ಆರಿದರೂ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೇಂಟಿನ ಮೇಲೇ ಉಳಿಯುತ್ತದೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ತಂದು ಬೋರ್ ನೀರಿಗೆ ಅದ್ದಿ ನೋಡಿ. 50ರ ಕೆಳಗೆ ತೋರಿಸಿದರೆ ಒರೆಸದೆ ಬಿಟ್ಟರೂ ಕಲೆ ಕಾಣುವುದು ಕಡಿಮೆ. 500 ದಾಟಿದರೆ ಒಂದು ಹನಿಯನ್ನೂ ಬಿಸಿಲಲ್ಲಿ ಆರಲು ಬಿಡಬಾರದು. ಮನೆಗೆ ಸಾಫ್ಟನರ್ ಹಾಕಿಸಿದ್ದರೂ ಮೀಟರ್ ಹೆಚ್ಚೂಕಡಿಮೆ ಅಷ್ಟೇ ತೋರಿಸುತ್ತದೆ, ಗಾಬರಿಯಾಗಬೇಡಿ. ಸಾಫ್ಟನರ್ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ಆ ಕಲೆ ಹಸಿ ಅರಿವೆಗೇ ಹೋಗುತ್ತದೆ.

ಬೋರ್ ನೀರು ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ತೊಳೆಯುವುದೆಲ್ಲ ಅದರಲ್ಲೇ ಆಗಲಿ, ಕೊನೆಯ ಸುರಿತಕ್ಕೆ ಮಾತ್ರ 8–10 ಲೀಟರ್ ಆರ್‌ಒ ನೀರು ಸಾಕು. ಹೂವಿನ ಗಿಡಕ್ಕೆ ಹಾಕುವ ಝಾರಿಯಿಂದ ರೂಫಿನಿಂದ ಕೆಳಗೆ ನಿಧಾನ ಸುರಿಯಿರಿ. ಎಸಿ ಪೈಪಿನಿಂದ ಬೀಳುವ ನೀರು, ಮಳೆಗಾಲದಲ್ಲಿ ಹಿಡಿದಿಟ್ಟ ಮಾಳಿಗೆ ನೀರು ಕೂಡ ನಡೆಯುತ್ತದೆ, ಸೋಸಿಕೊಳ್ಳಿ. ಆರ್‌ಒ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರನ್ನು ಮಾತ್ರ ಗಾಡಿಗೆ ಹಾಕಬೇಡಿ. ಸುಮ್ಮನೆ ಹೋಗುತ್ತದಲ್ಲ ಅಂತ ಬಕೆಟ್ ಹಿಡಿದು ಅದರಲ್ಲೇ ಕಾರು ತೊಳೆಯುವವರು ಬಹಳ. ಬೋರಿನಲ್ಲಿದ್ದ ಲವಣವೆಲ್ಲ ಇನ್ನಷ್ಟು ಗಟ್ಟಿಯಾಗಿ ಅದರಲ್ಲೇ ಇರುತ್ತದೆ.

ತೊಳೆಯುವ ಕ್ರಮ. ಬೇಸಿಗೆಯಲ್ಲಿ ಬೆಳಗ್ಗೆ ಏಳೂವರೆಯೊಳಗೆ ಮುಗಿಯಬೇಕು, ಬಾನೆಟ್ ಮೇಲೆ ಕೈ ಇಟ್ಟರೆ ತಣ್ಣಗಿರಬೇಕು. ಮೊದಲು ಚಕ್ರ, ಅದಕ್ಕೆ ಬೇರೆ ಅರಿವೆ, ಬೇರೆ ಬಕೆಟ್. ಆಮೇಲೆ ಇಡೀ ಗಾಡಿಗೆ ಪೈಪಿನಿಂದ ನೀರು ಬಿಟ್ಟು ಸಡಿಲ ಧೂಳು ಇಳಿಸಿ. ಪ್ರೆಶರ್ ವಾಶರ್ ಇದ್ದರೆ ಒಂದಡಿ ದೂರ ಹಿಡಿಯಿರಿ, ಕಲ್ಲು ಬಡಿದು ಪೇಂಟ್ ಎದ್ದ ಜಾಗಕ್ಕೆ ನೇರ ಹೊಡೆಯಬೇಡಿ, ಅಂಚಿನಿಂದ ಸಿಪ್ಪೆ ಏಳುತ್ತದೆ. ಎರಡು ಬಕೆಟ್ ಇಡಿ, ಒಂದರಲ್ಲಿ 10 ಲೀಟರ್ ನೀರಿಗೆ ಬಾಟಲಿ ಮೇಲೆ ಬರೆದಷ್ಟು ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸು ಶಾಂಪೂವಿಗೆ ಅದ್ದಿ ಒಂದು ಪ್ಯಾನಲ್ ತೊಳೆದ ಮೇಲೆ ಬರೀ ನೀರಿನಲ್ಲಿ ಹಿಂಡಿ, ಮತ್ತೆ ಶಾಂಪೂವಿಗೆ. ರೂಫ್, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗರ್ಧ ಮತ್ತು ಬಂಪರ್, ಇದೇ ಕ್ರಮ. ಹೆಚ್ಚು ಮರಳು ಇರುವುದು ಕೆಳಗರ್ಧದಲ್ಲಿ, ಅದನ್ನು ಮೊದಲು ಮುಟ್ಟಿದ ಕೈಗವಸು ಬಾನೆಟ್ ಮೇಲೆ ಆಡಬಾರದು. ಗೀರು ಸುತ್ತು ಸುತ್ತಾಗಿ ಬೀಳದಂತೆ ನೇರ ಗೆರೆಯಲ್ಲಿ ಕೈ ಆಡಲಿ. ಶಾಂಪೂ ಆರುವ ಮೊದಲೇ ಪ್ಯಾನಲ್‌ಗೆ ನೀರು ಬೀಳಲಿ. ಒರೆಸಲು ದಪ್ಪ, ಕನಿಷ್ಠ 500 ಜಿಎಸ್‌ಎಂ (ಚದರ ಮೀಟರಿಗೆ 500 ಗ್ರಾಂ ತೂಕದ) ಮೈಕ್ರೋಫೈಬರ್ ಟವೆಲ್, ತಿಕ್ಕದೆ ಹಾಸಿ ಎಳೆಯಬೇಕು. ನೆಲಕ್ಕೆ ಬಿದ್ದ ಟವೆಲ್ ಮತ್ತೆ ಗಾಡಿ ಮುಟ್ಟಬಾರದು.

ಬಟ್ಟೆ ಸೋಪಿನ ಪುಡಿ, ಪಾತ್ರೆ ತಿಕ್ಕುವ ಲಿಕ್ವಿಡ್ ಬೇಡ, ವ್ಯಾಕ್ಸ್ ಹಾಕಿದ್ದರೆ ಅದನ್ನೂ ಎಳೆದುಕೊಂಡು ಹೋಗುತ್ತವೆ. ವಾಟರ್ ಸರ್ವಿಸಿಂಗ್‌ನಲ್ಲಿ ಹೊಳಪಿಗೆಂದು ಡೀಸೆಲ್ ಒರೆಸುವುದೂ ಬೇಡ. ಎರಡು ದಿನ ಮಿಂಚುತ್ತದೆ, ಆ ಜಿಡ್ಡಿಗೆ ಇಡೀ ಊರಿನ ಧೂಳು ಬಂದು ಕೂರುತ್ತದೆ, ರಬ್ಬರ್ ಬೀಡಿಂಗ್ ಕೂಡ ಉಬ್ಬುತ್ತದೆ.

ಏಪ್ರಿಲ್, ಮೇನಲ್ಲಿ ನೀರಿಗೆ ತತ್ವಾರ ಆದಾಗ ರಿನ್ಸ್‌ಲೆಸ್ ವಾಶ್ (ಆಮೇಲೆ ನೀರು ಸುರಿದು ತೊಳೆಯಬೇಕಿಲ್ಲದ ದ್ರವ) ಒಳ್ಳೆಯ ದಾರಿ. ಬಹಳ ಕಂಪನಿಗಳ ಪ್ರಮಾಣ 1:256, ಅಂದರೆ 10 ಲೀಟರ್ ಆರ್‌ಒ ನೀರಿಗೆ 40 ಮಿ.ಲೀ. ಮೊದಲು ಅದನ್ನೇ ಸ್ಪ್ರೇ ಮಾಡಿ ಎರಡು ನಿಮಿಷ ಬಿಟ್ಟು, ಆಮೇಲೆ ನೆನೆಸಿದ ಅರಿವೆಯಿಂದ ಒಂದೇ ಸಲ ಎಳೆಯಬೇಕು, ಪ್ರತಿ ಪ್ಯಾನಲ್‌ಗೂ ಅರಿವೆಯ ಹೊಸ ಮಗ್ಗುಲು. ಇದು ತೆಳು ಧೂಳಿಗೆ ಮಾತ್ರ. ಮಳೆಗಾಲದ ಎರೆಮಣ್ಣು ಮೆತ್ತಿದ ಗಾಡಿಗೆ ಆಗಲ್ಲ. ಎರೆಮಣ್ಣು ಒಣಗಿದರೆ ಹೆಂಟೆಯಾಗುತ್ತದೆ, ಹತ್ತು ನಿಮಿಷ ನೆನೆಯಲು ಬಿಟ್ಟು ನೀರಿನಿಂದಲೇ ಇಳಿಸಿ. ಚಕ್ರದ ಮೇಲಿನ ಮಡ್‌ಗಾರ್ಡಿನ ಒಳ ಅಂಚಿಗೆ ಕೈ ಹಾಕಿ ನೋಡಿ, ಅಲ್ಲಿ ಕೂತ ಮಣ್ಣು ವಾರಗಟ್ಟಲೆ ತೇವ ಹಿಡಿದಿಡುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಬೀದರ್ ಕಡೆಯ ಕೆಂಪು ಮಣ್ಣು ಇಷ್ಟು ಅಂಟುವುದಿಲ್ಲ.

ಈಗ ಇರುವ ಬಿಳಿ ಕಲೆಗೆ: ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಮತ್ತು ಆರ್‌ಒ ನೀರು ಸಮಪಾಲು. ತೊಳೆದ, ತಣ್ಣಗಿನ ಪ್ಯಾನಲ್ ಮೇಲೆ ಅದರಲ್ಲಿ ಅದ್ದಿದ ಅರಿವೆ ಹಾಸಿ ಎರಡು ಮೂರು ನಿಮಿಷ ಬಿಡಿ, ಆರಲು ಬಿಡಬೇಡಿ, ತಿಕ್ಕಬೇಡಿ. ಎತ್ತಿ, ಶಾಂಪೂ ನೀರಿನಿಂದ ತೊಳೆಯಿರಿ. ಕೂತ ಸಿಮೆಂಟಿಗೆ ಇದನ್ನೇ ಎರಡು ಮೂರು ಸುತ್ತು ಮಾಡಬೇಕಾಗಬಹುದು. ಬಾತ್‌ರೂಮ್ ತೊಳೆಯುವ ಆಸಿಡ್ ಹತ್ತಿರಕ್ಕೂ ಬೇಡ. ಇನ್ನೊಂದು, ಅಂಗಳಕ್ಕೆ ಶಹಾಬಾದ್ ಫರ್ಸಿ ಹಾಕಿಸಿದ್ದರೆ ಈ ಕೆಲಸ ಅಲ್ಲಿ ಮಾಡಬೇಡಿ. ಫರ್ಸಿಯೂ ಸುಣ್ಣದಕಲ್ಲೇ, ವಿನೆಗರ್ ಬಿದ್ದಲ್ಲೆಲ್ಲ ಮಂಕಾಗುತ್ತದೆ, ಗಾಡಿ ಕಲೆ ಹೋಗಿ ಅಂಗಳಕ್ಕೆ ಕಲೆ ಬರುತ್ತದೆ.

ವಿನೆಗರ್ ಆದಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕಲೆ ಹೋಗಿ ಉಂಗುರದ ಅಂಚು ಮಾತ್ರ ಉಳಿದಿದ್ದರೆ, ನೀರು ಹಾಕಿದರೂ ಕಾಣುತ್ತಿದ್ದರೆ, ಕ್ಲಿಯರ್ ಕೋಟ್ ತಿಂದು ಗುಂಡಿ ಬಿದ್ದಿದೆ ಅಂತ ಅರ್ಥ. ಅದಕ್ಕೆ ಪಾಲಿಶ್ ಒಂದೇ ದಾರಿ. ಹಕ್ಕಿ ಹಿಕ್ಕೆ ಬೀಳಿಸುವ ಗುರುತೂ ಇಂಥದ್ದೇ. ಮೇ ತಿಂಗಳ ಬಿಸಿಲಿಗೆ ಕಪ್ಪು ಬಾನೆಟ್ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗುತ್ತದೆ. ರಾತ್ರಿ ತಣ್ಣಗಾಗಿ ಕುಗ್ಗುವಾಗ ಒಣಗಿದ ಹಿಕ್ಕೆಯ ಆಕಾರವೇ ಅಚ್ಚಾಗಿ ನಿಲ್ಲುತ್ತದೆ. ಹಾಗಾಗಿ ಗಾಡಿಯಲ್ಲಿ ಒಂದು ಸಣ್ಣ ಸ್ಪ್ರೇ ಬಾಟಲಿ ನೀರು, ಎರಡು ಅರಿವೆ ಇಟ್ಟಿರಿ. ಕಂಡ ತಕ್ಷಣ ನೆನೆಸಿ, ಐದು ನಿಮಿಷ ಬಿಟ್ಟು, ಎತ್ತಿ ತೆಗೆಯಿರಿ. ಬೇವಿನ ಗಿಡದ ಕೆಳಗೆ ನಿಲ್ಲಿಸಿದಾಗ ಬೀಳುವ ಅಂಟಿಗೂ ಉಗುರುಬೆಚ್ಚಗಿನ ನೀರಿನಿಂದ ಇದೇ ಉಪಾಯ. ಬಯಲಲ್ಲಿ ಕವರ್ ಹಾಕಬೇಡಿ, ಗಾಳಿಗೆ ಬಡಿದಾಡುವ ಕವರು ಧೂಳನ್ನು ಪೇಂಟಿಗೆ ಉಜ್ಜುತ್ತದೆ.

ರಕ್ಷಣೆಯ ಪದರಕ್ಕೆ ಬಂದರೆ, ನಾನಾದರೆ ಈಗ ಸೀಲಂಟ್ (ವ್ಯಾಕ್ಸಿನಂತೆ ಕೈಯಿಂದ ಹಚ್ಚುವ ಸಿಂಥೆಟಿಕ್ ಪದರ) ಹಾಕಿ ಆರು ತಿಂಗಳು ನೋಡುತ್ತೇನೆ. ತೊಳೆದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿ. ಕಾಳು ಕಾಳು ಸಿಕ್ಕರೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಕಣ ಎಳೆದು ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆಯ ತುಂಡು) ಬೇಕು: 50 ಗ್ರಾಂ ತುಂಡು ಚಪ್ಪಟೆ ಮಾಡಿ, ಧಾರಾಳ ಶಾಂಪೂ ನೀರು ಹೊಡೆದು, ಒತ್ತದೆ ಆಡಿಸಿ, ಕೊಳೆಯಾದ ಮಗ್ಗುಲು ಮಡಚುತ್ತಾ ಹೋಗಿ. ಕೆಳಗೆ ಬಿದ್ದರೆ ಎಸೆಯಿರಿ. ಕಪ್ಪು ಗಾಡಿಗೆ ಕ್ಲೇ ಸಣ್ಣ ಮಸುಕು ಬಿಡಬಹುದು, ಫಿನಿಶಿಂಗ್ ಪಾಲಿಶ್ ಒಮ್ಮೆ ಸಾಕು. ಆಮೇಲೆ ಸೀಲಂಟ್ ತೆಳುವಾಗಿ ಹಚ್ಚಿ, ಬಾಟಲಿ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ, ಒಂದು ದಿನ ನೀರು ತಾಗಿಸಬೇಡಿ. ವ್ಯಾಕ್ಸ್ ನಮ್ಮ ಬಿಸಿಲಿಗೆ ಹೆಚ್ಚು ದಿನ ತಾಳುವುದಿಲ್ಲ, ಸೀಲಂಟ್ ನಾಲ್ಕೈದು ತಿಂಗಳು ನಿಲ್ಲುತ್ತದೆ. ವಿನೆಗರ್ ಬಳಸಿದ ಜಾಗಕ್ಕೆ ಮತ್ತೆ ಹಚ್ಚಿ.

ಸಿರಾಮಿಕ್ ಕೋಟಿಂಗ್ ಮೋಸವಲ್ಲ, ಮಾರುವಾಗ ಹೇಳುವ ಮಾತು ಜಾಸ್ತಿ. ಅವರು ಹೇಳುವ 9ಎಚ್ ಪೆನ್ಸಿಲ್ ಗಡಸುತನದ ಅಳತೆ, ವಜ್ರಕ್ಕೆ 10 ಕೊಡುವ, ಖನಿಜಗಳ ಗಡಸುತನದ ಮೋಸ್ (Mohs) ಅಳತೆಯಲ್ಲ, ಒಣ ಅರಿವೆಯಿಂದ ಅದರ ಮೇಲೂ ಗೀರು ಬೀಳುತ್ತದೆ. ಬೋರ್ ನೀರಿನ ಕಲೆಯನ್ನೂ ಅದು ತಡೆಯುವುದಿಲ್ಲ. ನೀರು ಮುತ್ತಿನಂತೆ ನಿಲ್ಲುತ್ತದೆ, ಆ ಮುತ್ತೇ ಬಿಸಿಲಲ್ಲಿ ಆರಿದರೆ ದುಂಡಗಿನ ಕಲೆ. ಲಾಭ ಏನೆಂದರೆ ಧೂಳು, ಹಿಕ್ಕೆ ಸುಲಭವಾಗಿ ಬಿಡುತ್ತದೆ, ಎರಡು ಮೂರು ವರ್ಷ ಹೊಳಪು ನಿಲ್ಲುತ್ತದೆ. ಟೆಫ್ಲಾನ್ ಕೋಟಿಂಗ್ ಅಂದರೆ ನಕ್ಕು ಸುಮ್ಮನಾಗಿ. ಆ ವಸ್ತು ಕರಗುವುದೇ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಾಣಲೆಗೆ ಕೂತಂತೆ ಬಾನೆಟ್ ಮೇಲೆ ಕೂರುವುದಿಲ್ಲ, ಹಾಕುವುದು ಒಂದು ಥರದ ಪಾಲಿಶ್ ಅಷ್ಟೇ.

ಮಾಡಿಸುವುದೇ ಆದರೆ ಮೂರು ಕೇಳಿ: ಕೋಟಿಂಗ್‌ಗೆ ಮೊದಲು ಪಾಲಿಶ್ ಮಾಡುತ್ತೀರಾ, ಮೀಟರ್ ಹಿಡಿದು ಪೇಂಟ್ ದಪ್ಪ ತೋರಿಸುತ್ತೀರಾ, ಹಾಕಿದ ಮೇಲೆ ಗಾಡಿ ಎಷ್ಟು ಹೊತ್ತು ಧೂಳಿಲ್ಲದ ಒಳಜಾಗದಲ್ಲಿ ಇರುತ್ತದೆ. ಈಗಿರುವ ಗೀರಿನ ಮೇಲೆ ಹಾಗೇ ಹಾಕಿದರೆ ಗೀರು ಕೋಟಿಂಗ್‌ನ ಕೆಳಗೆ ಹಾಗೇ ಇರುತ್ತದೆ. ನೀವು ದಿನಾ ಕಲ್ಲು, ಸಿಮೆಂಟ್ ಲಾರಿಗಳ ಹಿಂದೆ ಓಡಾಡುವವರು. ಆ 22,000ದಲ್ಲಿ ಒಂದು ಪಾಲನ್ನು ಮುಂಬಂಪರ್ ಮತ್ತು ಬಾನೆಟ್‌ನ ಮುಂದಿನ ಅಂಚಿಗೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಹಾಕಿಸಲು ಇಟ್ಟರೆ ಹೆಚ್ಚು ಉಪಯೋಗ. ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್ ಅದು, ಕಲ್ಲಿನ ಪೆಟ್ಟು ತಿನ್ನುತ್ತದೆ, ಕೋಟಿಂಗ್ ತಿನ್ನುವುದಿಲ್ಲ. ಈಗಾಗಲೇ ಕಲ್ಲು ಬಡಿದು ಪೇಂಟ್ ಎದ್ದಿದ್ದರೆ ಬಾಗಿಲ ಕಂಬದ ಪಟ್ಟಿಯಲ್ಲೋ ಬಾನೆಟ್ ಒಳಗೋ ಇರುವ ಕಲರ್ ಕೋಡ್ ನೋಡಿ ಟಚ್‌ಅಪ್ ಬಾಟಲಿ ತರಿಸಿ, ತಗಡು ಕಾಣುತ್ತಿದ್ದರೆ ಮೊದಲು ಪ್ರೈಮರ್, ಮೇಲೆ ತೆಳುವಾಗಿ ಎರಡು ಮೂರು ಸಲ ಬಣ್ಣ. ಫಿಲ್ಮ್ ಅಂಟಿಸುವುದಕ್ಕೆ ಮೊದಲೇ ಇದು ಆಗಬೇಕು, ಅದೂ ಜೂನ್ ಮಳೆ ಹಿಡಿಯುವುದರೊಳಗೆ.